ಒಂದು ಹಗಲಿನ ಹೆಬ್ಬಾಗಿಲು

ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯ ನೆಲದಲ್ಲಿ ದೊರೆತ ಪುರಾತನ ವಸ್ತುಗಳ ನಡುವೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ಇದ್ದುವೆಂಬುದನ್ನೂ, ಬೆಂಗಳೂರಿಗೆ ಸೇರಿದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ನಾಣ್ಯಗಳ ನಿಧಿಯೊಂದು ಬೆಳಕಿಗೆ ಬಂದಿತೆಂಬುದನ್ನೂ ನಮ್ಮ ಇತಿಹಾಸಪ್ರಿಯರು ಬಲ್ಲರು. ಮೆಣಸಿಗೋ ಮಣಿಗೋ ಬೆಲೆಯಾಗಿ ಕಡಲನ್ನು ದಾಟಿಬಂದು ಕನ್ನಡದ ಮಣ್ಣಿನಲ್ಲಿ ಶತಮಾನಗಳ ಕಾಲ ಮಲಗಿದ್ದ ಈ ಬಗೆಯ ನಾಣ್ಯವೊಂದನ್ನು ಬೆಳಕಿಗೆ ಹಿಡಿದು ನೋಡಿದರೆ, ಅದರ ಮೇಲಿರುವ ಮುಖದ ಒಡೆಯನು ಮೆಡಿಟರೇನಿಯನ್ ಸಮುದ್ರವನ್ನೇ ಮನೆಯಂಗಳದ ಕೊಳದಂತೆ ಆಳಿದವನಾದರೂ, ಅವನ ತಲೆಯ ಮೇಲೆ ಚಿನ್ನದ ಕಿರೀಟವಿಲ್ಲ, ರತ್ನವಿಲ್ಲ, ಮುತ್ತಿನ ಕುಚ್ಚಿಲ್ಲ. ಇರುವುದು ಮರದ ಎಲೆಗಳನ್ನು ಹೆಣೆದು ಹಿಂದಲೆಯಲ್ಲಿ ಪಟ್ಟಿಯಿಂದ ಬಿಗಿದ ಒಂದು ಮಾಲೆ. ಆ ಮರ ನಮ್ಮ ಕಾಡುಗಳದಲ್ಲ. ಲಾರೆಲ್ ಎಂಬ ಪರದೇಶದ ಹೆಸರಿನಿಂದಲೇ ಅದನ್ನು ನಾವು ಕರೆಯಬೇಕು. ಯುದ್ಧದಿಂದ ಮನೆಗೆ ಮರಳಿದ ಸೈನಿಕನು ಒಂದು ದಿನದ ಮಟ್ಟಿಗೆ ಮುಡಿಯುತ್ತಿದ್ದ ಈ ಎಲೆ ಚಕ್ರವರ್ತಿಯ ತಲೆಯ ಮೇಲೆ ನಿತ್ಯವಾಗಿ ನೆಲಸಿದ್ದು ಹೇಗೆಂಬುದೇ ರೋಮನರ ವಿಜಯೋತ್ಸವದ ಇತಿಹಾಸ.

ನಮ್ಮ ಊರ ಮುಂದಣ ವೀರಗಲ್ಲುಗಳು ತುರುಗೊಳ್ ಕಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದು ಹಿಂದಿರುಗದವನನ್ನು ಸ್ಮರಿಸುತ್ತವೆ. ರೋಮನರ ಈ ಆಚಾರವು ಹಿಂದಿರುಗಿದವನನ್ನು ಕುರಿತದ್ದು. ಮಡಿದವನಿಗೆ ಮರ್ಯಾದೆ ಸಲ್ಲಿಸುವುದು ಒಂದು ಬಗೆಯಲ್ಲಿ ಸುಲಭ. ಅವನಿಗೆ ಸ್ವರ್ಗದ ಅಪ್ಸರೆಯರನ್ನು ಕಲ್ಲಿನಲ್ಲಿ ಕೊರೆದು ಕೊಟ್ಟರೆ ತೀರಿತು. ಹಿಂದಿರುಗಿದವನಾದರೋ ಹಸಿದಿರುತ್ತಾನೆ, ಕೂಲಿಯನ್ನು ಕೇಳುತ್ತಾನೆ, ಅವನ ಸೊಂಟದಲ್ಲಿ ಕತ್ತಿಯೂ ಇರುತ್ತದೆ. ಈ ತೊಡಕನ್ನು ರೋಮನರಷ್ಟು ಸ್ಪಷ್ಟವಾಗಿ ಕಂಡುಕೊಂಡ ಜನರು ವಿರಳ.

ರೋಮ್ ನಗರವನ್ನು ಬಳಸಿ ಪೊಮೇರಿಯಂ ಎಂಬ ಒಂದು ಪವಿತ್ರ ಸೀಮೆಯಿದ್ದಿತು. ಊರನ್ನು ಕಟ್ಟುವಾಗ ನೇಗಿಲಿನಿಂದ ಗೀಚಿದ ಗೆರೆ ಅದೆಂದು ಐತಿಹ್ಯ. ಆ ಗೆರೆಯ ಒಳಗಡೆ ನ್ಯಾಯಸ್ಥಾನ, ಮತದಾನ, ವಾಗ್ವಾದ. ಹೊರಗಡೆ ದಂಡು, ದಂಡನಾಯಕ, ಮರಣದಂಡನೆ. ಇಂಪೀರಿಯಂ ಎನಿಸಿಕೊಂಡ ಸೇನಾಧಿಪತ್ಯವನ್ನು ಹೊತ್ತವನು ಗೆರೆಯನ್ನು ದಾಟಿ ಒಳಕ್ಕೆ ಕಾಲಿಟ್ಟನೆಂದರೆ ಅಧಿಪತ್ಯವು ಆ ಕ್ಷಣದಲ್ಲಿಯೇ ಕಳಚಿಬಿದ್ದು ಅವನು ಹತ್ತರಲ್ಲಿ ಹನ್ನೊಂದನೆಯ ಪೌರನಾಗುತ್ತಿದ್ದನು. ಆದುದರಿಂದ ಗೆದ್ದು ಬಂದ ಸೇನಾಪತಿಯು, ಮೂರು ವರ್ಷ ನೋಡದಿದ್ದ ಹೆಂಡತಿ ಮಕ್ಕಳು ಅರ್ಧ ಗಾವುದ ದೂರದಲ್ಲಿದ್ದರೂ, ನಗರದ ಹೊರಗಡೆ ಕಾದು ಕುಳಿತಿರಬೇಕು. ಸೆನೆಟ್ ಸಭೆಯೇ ಗೆರೆಯನ್ನು ದಾಟಿ ಹೊರಬಂದು, ರಣದೇವತೆ ಬೆಲೋನಾಳ ಗುಡಿಯಲ್ಲಿ ಕಲೆತು, ಅವನ ಯುದ್ಧವೃತ್ತಾಂತವನ್ನು ಕೇಳಿ, ಉತ್ಸವಕ್ಕೆ ಇವನು ಅರ್ಹನೇ ಅಲ್ಲವೇ ಎಂಬುದನ್ನು ತೀರ್ಮಾನಿಸಬೇಕು. ಅರ್ಹನೆಂದಾದಲ್ಲಿ, ಒಂದೇ ಒಂದು ಹಗಲು ಅಧಿಪತ್ಯ ಸಮೇತನಾಗಿ ಅವನು ನಗರವನ್ನು ಪ್ರವೇಶಿಸಬಹುದೆಂದು ಜನರ ಮತದಿಂದ ವಿಶೇಷ ನಿರ್ಣಯವಾಗಬೇಕು. ಆ ಹಗಲಿಗಾಗಿ ವಿಜಯದ್ವಾರವೆಂಬ ಹೆಬ್ಬಾಗಿಲು ಇದ್ದಿತು. ಜನ ಅದನ್ನು ಸನ್ಮಾನದ ಬಾಗಿಲೆಂದು ಕರೆದರೂ, ನನಗೇನೋ ಅದು ಮೊದಮೊದಲು ಶಂಕೆಯ ಬಾಗಿಲಾಗಿಯೇ ಕಾಣುತ್ತದೆ.

ಅರ್ಹತೆಯ ವಿಚಾರದಲ್ಲಿ ನಡೆಯುತ್ತಿದ್ದ ಚೌಕಾಸಿಯೇ ಒಂದು ದೊಡ್ಡ ಕಥೆ. ಒಂದೇ ಕಾಳಗದಲ್ಲಿ ಶತ್ರುಗಳು 5000 ಮಂದಿಗೆ ಕಡಮೆಯಿಲ್ಲದಂತೆ ಸತ್ತಿರಬೇಕೆಂಬ ಕಟ್ಟಳೆಯೊಂದಿತ್ತೆಂದು ವಲೇರಿಯಸ್ ಮ್ಯಾಕ್ಸಿಮಸ್ ಬರೆದಿದ್ದಾನೆ. ಕಟ್ಟಳೆಯಿದ್ದ ಮೇಲೆ ಹೆಣಗಳ ಲೆಕ್ಕದಲ್ಲಿ ಸುಳ್ಳೂ ಇದ್ದೇ ಇರುತ್ತದಷ್ಟೆ, ಆದಕಾರಣ ಕ್ರಿ.ಪೂ. 62ರ ಸುಮಾರಿಗೆ ಲೆಕ್ಕವು ನಿಜವೆಂದು ಸೇನಾಪತಿಯು ಪ್ರಮಾಣ ಮಾಡಬೇಕೆಂಬ ಇನ್ನೊಂದು ಶಾಸನವೂ ಹುಟ್ಟಿತು. ಸ್ವಜನರನ್ನೇ ಕೊಂದ ಅಂತರ್ಯುದ್ಧಕ್ಕೆ ಉತ್ಸವವಿಲ್ಲ. ಗುಲಾಮರ ದಂಗೆಯನ್ನು ಅಡಗಿಸಿದವನಿಗೆ ರಥವಿಲ್ಲದ, ಲಾರೆಲ್ ಇಲ್ಲದ, ಕಾಲ್ನಡಿಗೆಯ ಕಿರಿಯುತ್ಸವ. ಪೂರ್ವದೇಶದಲ್ಲಿ ದೊಡ್ಡ ದೊಡ್ಡ ರಾಜರನ್ನು ಸೋಲಿಸಿ ಬಂದ ಲುಕಲ್ಲಸನು, ವಿರೋಧಿಗಳ ಹಟದಿಂದಾಗಿ, ಸುಮಾರು ಮೂರು ವರ್ಷ ಊರ ಹೊರಗೆ ಕಾಯಬೇಕಾಯಿತು. ವಾಗ್ಮಿ ಸಿಸೆರೋವಿನ ಪಾಡಂತೂ ಕರುಣೆಗೂ ನಗೆಗೂ ಸಮನಾಗಿ ಎಡೆಗೊಡುತ್ತದೆ. ಸಿಲಿಷಿಯಾ ಪ್ರಾಂತದ ಬೆಟ್ಟಗಾಡಿನಲ್ಲಿ ಒಂದು ಕೋಟೆಯನ್ನು ಮುತ್ತಿ ಹಿಡಿದ ಆ ಪುಸ್ತಕಪ್ರಿಯನು, ತನಗೂ ಉತ್ಸವ ಬೇಕೆಂದು ಹಂಬಲಿಸಿ, ತನ್ನ ಮುಂದೆ ನಡೆಯುವ ಚೋಬುದಾರರ ದಂಡಗಳಿಗೆ ಲಾರೆಲ್ ಎಲೆಗಳನ್ನು ಸುತ್ತಿಸಿ, ಕ್ರಿ.ಪೂ. 49ರ ಜನವರಿಯ ಆದಿಯಲ್ಲಿ ರೋಮಿನ ಹೊರವಲಯವನ್ನು ಸೇರಿದನು. ಅದೇ ದಿನಗಳಲ್ಲಿ ಸೀಸರನು ದಂಡಿನೊಡನೆ ರೂಬಿಕಾನ್ ಹೊಳೆಯನ್ನು ದಾಟಿ ಅಂತರ್ಯುದ್ಧವನ್ನು ಹೊತ್ತಿಸಿದನು. ಅಂತರ್ಯುದ್ಧದ ಗೊಂದಲದಲ್ಲಿ ಸಿಸೆರೋ ಎಲ್ಲಿಗೆ ಹೋದರೆ ಅಲ್ಲಿಗೆ ಆ ಎಲೆ ಸುತ್ತಿದ ದಂಡಗಳೂ ಹೋದವು, ಮರೆಮಾಡಲು ಬಾರದೆ, ಬಿಸಾಡಲು ಮನಸ್ಸಿಲ್ಲದೆ. ಉತ್ಸವ ನಡೆಯಲೇ ಇಲ್ಲ.

ಎಲೆಯ ವಿಚಾರಕ್ಕೆ ಬರೋಣ. ಲಾರೆಲ್ ಜಯದ ಚಿಹ್ನೆ ಎಂದು ನಾವೆಲ್ಲರೂ ಓದಿದ್ದೇವೆ. ಆದರೆ ಫೆಸ್ಟಸ್ ಎಂಬ ಪ್ರಾಚೀನ ಕೋಶಕಾರನ ಸಂಗ್ರಹದಲ್ಲಿ ಬೇರೊಂದು ವಿವರಣೆಯಿದೆ: ಉತ್ಸವದ ರಥದ ಹಿಂದೆ ನಡೆಯುವ ಸೈನಿಕರು ಲಾರೆಲ್ ಮುಡಿಯುತ್ತಿದ್ದುದು, ನರಹತ್ಯೆಯ ಕಳಂಕವನ್ನು ತೊಳೆದುಕೊಂಡವರಂತೆ ನಗರವನ್ನು ಹೊಗಲೆಂದು. ಈ ಒಂದು ವಾಕ್ಯವನ್ನು ಓದಿದ ಮೇಲೆ ಮೆರವಣಿಗೆಯ ಚಿತ್ರವೇ ಬದಲಾಗುತ್ತದೆ. ಮಸಣದಿಂದ ಬಂದವನು ಮಿಂದ ಮೇಲಲ್ಲವೇ ನಮ್ಮಲ್ಲಿ ಹೊಸಲನ್ನು ದಾಟುವುದು? ಪ್ರಾಚೀನ ರೋಮಿನ ಸೈನಿಕನು ಸಂಬಳದ ಆಳಲ್ಲ. ವಸಂತದಲ್ಲಿ ನೇಗಿಲನ್ನು ಬಿಟ್ಟು ಭಲ್ಲೆಯನ್ನು ಹಿಡಿದು ಹೋಗಿ, ಚಳಿ ಬೀಳುವ ಮೊದಲು ಹೊಲಕ್ಕೆ ಹಿಂದಿರುಗುವ ಒಕ್ಕಲಿಗ. ಬೇಸಗೆಯುದ್ದಕ್ಕೂ ಕೊಲ್ಲುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದವನನ್ನು ಮತ್ತೆ ನೆರೆಹೊರೆಯವನನ್ನಾಗಿ ಮಾಡುವುದಕ್ಕೆ ಅಕ್ಟೋಬರ್ ತಿಂಗಳೊಂದರಲ್ಲಿಯೇ ಎಷ್ಟು ಆಚರಣೆಗಳು! ಆ ತಿಂಗಳ 1ರಂದು, ಯುದ್ಧದಿಂದ ಮರಳಿದ ಆವೇಶದಲ್ಲಿ ತಂಗಿಯನ್ನೇ ಕೊಂದ ಹೊರೇಷಿಯಸನನ್ನು ಯಾವ ಅಡ್ಡತೊಲೆಯ ಕೆಳಗೆ ತಲೆಬಾಗಿಸಿ ನಡೆಸಿ ಶುದ್ಧಗೊಳಿಸಿದರೆಂದು ಕಥೆಯಿತ್ತೋ ಆ ತೊಲೆಗೆ ಪೂಜೆ. 19ರಂದು ಆಯುಧಗಳನ್ನು ಶುದ್ಧಿಮಾಡಿ ಒಳಗಿಡುವ ಹಬ್ಬ. ನಮ್ಮ ಆಯುಧಪೂಜೆಯ ಆಸುಪಾಸಿನ ದಿನಗಳೇ. ಆದರೆ ನಮ್ಮ ಅರಸರು ಮಳೆ ಕಳೆದು ದಂಡಯಾತ್ರೆಗೆ ಹೊರಡಲೆಂದು ಆಯುಧವನ್ನು ಪೂಜಿಸಿದರೆ, ಅವರು ದಂಡಯಾತ್ರೆ ಮುಗಿಯಿತೆಂದು ಪೂಜಿಸುತ್ತಿದ್ದರು.

ಬರಬರುತ್ತ ಯುದ್ಧಗಳು ದೂರವಾದವು, ಕೊಳ್ಳೆ ದೊಡ್ಡದಾಯಿತು, ಶುದ್ಧಿಯು ಶೋಭಾಯಾತ್ರೆಯಾಯಿತು. ಇಂಥ ಯಾತ್ರೆಗಳ ಪೈಕಿ ಎಮಿಲಿಯಸ್ ಪೌಲಸನು ಕ್ರಿ.ಪೂ. 167ರಲ್ಲಿ ಮೂರು ದಿನ ನಡೆಸಿದುದರ ವರ್ಣನೆಯನ್ನು ಪ್ಲುಟಾರ್ಕನು ಎಷ್ಟು ತುಂಬುಗಣ್ಣಿನಿಂದ ಬರೆದಿದ್ದಾನೆಂದರೆ, ಅದನ್ನು ಓದುವಾಗ ಬೀದಿಯ ಧೂಳು ನಮ್ಮ ಮೂಗಿಗೂ ಅಡರುತ್ತದೆ. ಹಿಂದಿನ ವರ್ಷ ಪಿಡ್ನಾ ಎಂಬಲ್ಲಿ ಮ್ಯಾಸಿಡೋನಿಯದ ದೊರೆ ಪರ್ಸಿಯಸನನ್ನು ಮುರಿದು, ಅಲೆಕ್ಸಾಂಡರನ ಸಿಂಹಾಸನವನ್ನೇ ಇಲ್ಲವಾಗಿಸಿದ್ದ ಪೌಲಸನು, ಸೋತ ದೊರೆಯ ಮಹಾನೌಕೆಯಲ್ಲಿಯೇ ಕುಳಿತು ಟೈಬರ್ ನದಿಯ ಮೇಲೆ ಎದುರೇರಿ ಬರುತ್ತಿರುವಾಗ ದಡಗಳ ಮೇಲೆ ಜನ ನೌಕೆಯ ಜತೆಗೆ ಹೆಜ್ಜೆಹಾಕಿದರಂತೆ. ಆದರೆ ಉತ್ಸವವನ್ನು ತಡೆಯಲು ಹೊರಟವರು ಅವನ ಶತ್ರುಗಳಲ್ಲ, ಅವನ ಸೈನಿಕರೇ. ದೊರೆಯ ಭಂಡಾರವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿದ ಈ ಬಿಗುಮಾನದ ಮುದುಕನು ತಮಗೆ ಕೊಟ್ಟದ್ದು ಕಡಮೆಯಾಯಿತೆಂದು ಅವರು ಗೊಣಗಿ, ಗಾಲ್ಬಾ ಎಂಬ ಅಧಿಕಾರಿಯ ಮಾತನ್ನು ಕೇಳಿ, ಮತ ಹಾಕುವ ಸ್ಥಳವನ್ನೆಲ್ಲ ತುಂಬಿಕೊಂಡರು. ಮೊದಲನೆಯ ಪಂಗಡದ ಮತ ವಿರುದ್ಧವಾಗಿಯೇ ಬಿದ್ದಿತು. ಆಗ ಮಾರ್ಕಸ್ ಸರ್ವೀಲಿಯಸ್ ಎಂಬ ವೃದ್ಧ ಯೋಧನು ಎದ್ದು, ಮೇಲುಡುಪನ್ನು ಸರಿಸಿ ಎದೆಯ ಮೇಲಣ ಗಾಯಗಳನ್ನು ತೋರಿಸಿ, ದ್ವಂದ್ವಯುದ್ಧದಲ್ಲಿ 23 ಮಂದಿಯನ್ನು ಗೆದ್ದ ತನಗಿಂತ ಈ ಹೊಸ ಹುಡುಗರು ಯುದ್ಧವನ್ನು ಬಲ್ಲರೇ ಎಂದು ಮೂದಲಿಸಿದ ಮೇಲೆ ಮತ ತಿರುಗಿತು. ಕಡೆಗೆ ಕಾಲಾಳಿಗೆ ತಲಾ 100 ಡಿನಾರಿಯಸ್ ಸಂದಿತೆಂದೂ, ಅವರು ತಕರಾರೆತ್ತದಿದ್ದಲ್ಲಿ ಅದರ ಇಮ್ಮಡಿ ಸಿಗುತ್ತಿತ್ತೆಂಬ ನಂಬಿಕೆಯಿತ್ತೆಂದೂ ಲಿವಿ ಹೇಳುತ್ತಾನೆ.

ಮೊದಲನೆಯ ದಿನವೆಲ್ಲ 250 ಬಂಡಿಗಳ ಮೇಲೆ ಗ್ರೀಕರ ಪ್ರತಿಮೆಗಳೂ ಚಿತ್ರಪಟಗಳೂ ಹಾದುಹೋದವು. ಅಷ್ಟಕ್ಕೇ ಹೊತ್ತು ಮುಳುಗಿತು. ಎರಡನೆಯ ದಿನ ಆಯುಧಗಳು: ಉಜ್ಜಿ ಹೊಳಪೇರಿಸಿದ ಶಿರಸ್ತ್ರಾಣ, ಗುರಾಣಿ, ಎದೆಗವಚಗಳನ್ನು ಅಡ್ಡಾದಿಡ್ಡಿಯಾಗಿ ಬಿದ್ದಂತೆ ತೋರುವ ಹಾಗೆ ಉಪಾಯದಿಂದ ಹೇರಿದ್ದ ಬಂಡಿಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿ ಎದ್ದ ಕರ್ಕಶ ಶಬ್ದವು, ಅವು ಸೋತವರ ಆಯುಧಗಳೆಂದು ತಿಳಿದಿದ್ದರೂ, ನೋಡುವವರ ಎದೆಯನ್ನು ನಡುಗಿಸಿತೆಂದು ಪ್ಲುಟಾರ್ಕನು ಹೇಳುವಾಗ ಅವನ ಲೇಖನಿಗೆ ಕಿವಿಯೂ ಇದ್ದಿತೆಂದು ತೋರುತ್ತದೆ. ಅವುಗಳ ಹಿಂದೆ 750 ಕೊಪ್ಪರಿಗೆಗಳಲ್ಲಿ ಬೆಳ್ಳಿಯ ನಾಣ್ಯ, ಒಂದೊಂದಕ್ಕೆ ನಾಲ್ವರಂತೆ ಹೊರಲು 3000 ಆಳು. ಮೂರನೆಯ ದಿನ ಬೆಳಗಾಗುತ್ತಲೇ ಕಹಳೆ. ಕೊಂಬಿಗೆ ಚಿನ್ನದ ಮುಲಾಮು ಹಚ್ಚಿದ 120 ಎತ್ತುಗಳು. 77 ಪಾತ್ರೆಗಳಲ್ಲಿ ಹೊನ್ನು. ಅನಂತರ ಬರಿದಾದ ರಾಜರಥ, ಅದರ ಮೇಲೆ ಬರಿದೆ ಇಟ್ಟ ಕಿರೀಟ. ಅದರ ಹಿಂದೆ ಪರ್ಸಿಯಸನ ಮಕ್ಕಳು, ಇಬ್ಬರು ಗಂಡು, ಒಬ್ಬಳು ಹೆಣ್ಣು. ಕೈಚಾಚಿ ಜನರನ್ನು ಬೇಡಿರೆಂದು ಅವರ ಉಪಾಧ್ಯಾಯರು ಅಳುತ್ತ ಹೇಳಿಕೊಡುತ್ತಿದ್ದರು. ತಮಗೊದಗಿದ್ದು ಏನೆಂಬುದನ್ನೇ ಅರಿಯದ ವಯಸ್ಸು ಆ ಮಕ್ಕಳದು. ಗೆದ್ದ ಊರಿನ ಜನರೇ ಕಣ್ಣೊರಸಿಕೊಂಡರಂತೆ. ಕಪ್ಪು ವಸ್ತ್ರವನ್ನುಟ್ಟು ಹಿಂದಿನಿಂದ ಬರುತ್ತಿದ್ದ ದೊರೆಯನ್ನು ಎಷ್ಟೋ ಮಂದಿ ನೋಡಲೇ ಇಲ್ಲ.

ದೊರೆಯ ಹಿಂದೆ ನಗರನಗರಗಳು ಕಾಣಿಕೆಯಿತ್ತ 400 ಚಿನ್ನದ ಮಾಲೆಗಳು, ಅವುಗಳ ಹಿಂದೆ ರಥದಲ್ಲಿ ಪೌಲಸನು ಬಂದನು. ಅವನ ನಾಲ್ವರು ಗಂಡುಮಕ್ಕಳಲ್ಲಿ ಇಬ್ಬರನ್ನು ಬೇರೆ ಮನೆತನಗಳಿಗೆ ದತ್ತು ಕೊಟ್ಟಾಗಿತ್ತು. ಮನೆಯಲ್ಲಿ ಉಳಿದಿದ್ದವರು ಇನ್ನಿಬ್ಬರು. ಅವರಲ್ಲಿ ಹದಿನಾಲ್ಕು ವರ್ಷದವನು ಉತ್ಸವಕ್ಕೆ ಐದು ದಿನ ಮುಂಚೆ ತೀರಿಕೊಂಡಿದ್ದನು. ಹನ್ನೆರಡು ವರ್ಷದವನು ಉತ್ಸವವಾದ ಮೂರನೆಯ ದಿನ ತೀರಿಕೊಂಡನು. ಸೋತವನ ಮಕ್ಕಳು ಬೀದಿಯಲ್ಲಿ ನಡೆಯುತ್ತಿದ್ದಾಗ ಗೆದ್ದವನ ಮನೆಯಲ್ಲಿ ಒಂದು ಮಗು ಹಾಸಿಗೆ ಹಿಡಿದಿದ್ದಿರಬೇಕು. ಪೌಲಸನು ತಂದು ಸುರಿದ ಹಣದಿಂದಾಗಿ ರೋಮನ್ ಪೌರರು ಆ ವರ್ಷದಿಂದ ಯುದ್ಧದ ತೆರಿಗೆಯನ್ನು ಕೊಡುವುದನ್ನೇ ನಿಲ್ಲಿಸಿದರು. ಒಂದು ಶತಮಾನಕ್ಕೂ ಮಿಕ್ಕು, ಕ್ರಿ.ಪೂ. 43ರ ವರೆಗೆ, ಆ ತೆರಿಗೆ ಮತ್ತೆ ತಲೆಯೆತ್ತಲಿಲ್ಲ.

ರಥದಲ್ಲಿ ನಿಂತವನ ವೇಷವು ಮನುಷ್ಯರದಾಗಿರುತ್ತಿರಲಿಲ್ಲ. ನೇರಳೆಯ ಬಟ್ಟೆಯ ಮೇಲೆ ಹೊನ್ನಿನ ಕಸೂತಿ, ಜೂಪಿಟರನ ಮೂರ್ತಿಗೆ ಹಬ್ಬದ ದಿನ ಬಳಿಯುತ್ತಿದ್ದಂತೆ ಮುಖಕ್ಕೆ ಸಿಂಧೂರ. ಹಿಂದೆ ನಿಂತ ಗುಲಾಮನೊಬ್ಬನು ತಲೆಯ ಮೇಲೆ ಚಿನ್ನದ ಮಾಲೆಯನ್ನು ಎತ್ತಿಹಿಡಿದುಕೊಂಡು, ಇವನೂ ಮರ್ತ್ಯನೇ ಎಂಬುದನ್ನು ಕಿವಿಯಲ್ಲಿ ಪಿಸುಗುಟ್ಟುತ್ತಿದ್ದನೆಂಬ ಮಾತು ಎಲ್ಲರಿಗೂ ಪ್ರಿಯವಾದುದು. ಆದರೆ ಅದನ್ನು ಹೇಳುವ ಸಾಕ್ಷಿಗಳು ಬಹಳ ತಡವಾಗಿ ಬಂದವರು, ಒಬ್ಬೊಬ್ಬರು ಒಂದೊಂದು ತುಣುಕನ್ನು ತಂದವರು. ಅದಕ್ಕಿಂತ ರಥದ ಹಿಂದಿನ ಗದ್ದಲವೇ ನನಗೆ ಹೆಚ್ಚು ನೆಚ್ಚಿಕೆಯದಾಗಿ ತೋರುತ್ತದೆ. ಮೆರವಣಿಗೆಯ ತುತ್ತತುದಿಯಲ್ಲಿ ಸೈನಿಕರು ಬರುತ್ತಿದ್ದರು; ಬರುತ್ತ, ತಮ್ಮ ಸೇನಾಪತಿಯನ್ನೇ ಗೇಲಿಮಾಡುವ ಹಾಡುಗಳನ್ನು, ಹೆಂಗಸರು ಕಿವಿ ಮುಚ್ಚಿಕೊಳ್ಳುವಂಥವನ್ನೂ ಸೇರಿಸಿ, ಬಾಯ್ತುಂಬ ಹಾಡುತ್ತಿದ್ದರು. ನಮ್ಮ ಹೋಳಿಯ ಹಾಡುಗಳಿಗೆ ಇರುವಂಥದೇ ರಿಯಾಯಿತಿ ಅವಕ್ಕೂ ಇದ್ದಿತು. ಆ ದಿನ ಸೇನಾಪತಿಯು ಮುಖ ಸಿಂಡರಿಸುವಂತಿಲ್ಲ.

ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರನು ಗಾಲ್, ಈಜಿಪ್ಟ್, ಪಾಂಟಸ್, ಆಫ್ರಿಕಗಳ ಮೇಲಿನ ಜಯಕ್ಕಾಗಿ ನಾಲ್ಕು ಉತ್ಸವಗಳನ್ನು ಕೊಂಚ ಕೊಂಚ ದಿನದ ಅಂತರದಲ್ಲಿ ನಡೆಸಿದಾಗ, ಅವನ ಬೋಳುತಲೆಯೂ ಅವನ ಶೃಂಗಾರವೂ ಸೈನಿಕರ ಹಾಡಿಗೆ ವಸ್ತುವಾದುವು. ಗಾಲ್ ಜಯದ ದಿನ ರಥದ ಅಚ್ಚು ಮುರಿದು ಅವನು ಬೀಳುವುದರಲ್ಲಿದ್ದನು. ಸಂಜೆ ದೀಪ ಹೊತ್ತ ನಲವತ್ತು ಆನೆಗಳ ನಡುವೆ ಕ್ಯಾಪಿಟಲ್ ಬೆಟ್ಟವನ್ನೇರಿದನು. ಆನೆ ಎಂದಾಗ ಸೇನಾಪತಿ ಪಾಂಪೆಯ ನೆನಪಾಗುತ್ತದೆ: ತನ್ನ ಮೊದಲ ಉತ್ಸವದಲ್ಲಿ ರಥಕ್ಕೆ ಆನೆಗಳನ್ನು ಹೂಡಿಸಲು ಹೋಗಿ, ಬಾಗಿಲು ಇಕ್ಕಟ್ಟಾಗಿ, ಮತ್ತೆ ಕುದುರೆಗಳನ್ನೇ ತರಿಸಬೇಕಾಯಿತಂತೆ; ಜಂಬೂಸವಾರಿಯನ್ನು ಕಂಡ ಮೈಸೂರಿನವರು ಮೊದಲೇ ಬಾಗಿಲನ್ನು ಅಳೆದಿರುತ್ತಿದ್ದರು. ಪಾಂಟಸಿನ ಮೆರವಣಿಗೆಯಲ್ಲಿ ಸೀಸರನು ಬಂದದ್ದು, ನೋಡಿದ್ದು, ಗೆದ್ದದ್ದು ಎಲ್ಲವನ್ನೂ ಮೂರೇ ಮಾತಿನಲ್ಲಿ ಸಾರುವ ಫಲಕವೊಂದಿತ್ತು. ಈಜಿಪ್ಟಿನದರಲ್ಲಿ ಕ್ಲಿಯೋಪಾತ್ರಳ ತಂಗಿ ಆರ್ಸಿನೊಯಿ ಸಂಕೋಲೆಯಲ್ಲಿ ನಡೆದುಬರುವುದನ್ನು ಕಂಡು ಜನ ಮರುಗಿದರು. ಆರು ವರ್ಷ ಸೆರೆಯಲ್ಲಿಟ್ಟುಕೊಂಡಿದ್ದ ಗಾಲ್ ನಾಯಕ ವರ್ಸಿಂಜೆಟೊರಿಕ್ಸನನ್ನು, ಉತ್ಸವದಲ್ಲಿ ತೋರಿಸಿದ ಮೇಲೆ, ಕೊಂದರು. ಹಿಂದೆ ನುಮಿಡಿಯದ ದೊರೆ ಜುಗುರ್ತನನ್ನೂ ಹೀಗೆಯೇ ಬೀದಿಯಲ್ಲಿ ನಡೆಸಿ ಬೆಟ್ಟದ ಬುಡದ ನೆಲಮಾಳಿಗೆಯ ಸೆರೆಮನೆಗೆ ನೂಕಿದ್ದರು.

ಸೀಸರನು ಸೈನಿಕರಿಗೆ ತಲಾ 5000 ಡಿನಾರಿಯಸ್ ಕೊಟ್ಟನೆಂದು ಅಪ್ಪಿಯನನ ಲೆಕ್ಕ. ಪೌಲಸನ ನೂರೆಲ್ಲಿ, ಈ ಐದು ಸಾವಿರವೆಲ್ಲಿ! ಆದರೂ ಗೊಣಗಾಟ ನಿಲ್ಲಲಿಲ್ಲ. ಪ್ರೇಕ್ಷಕರ ನೆರಳಿಗೆಂದು ರೇಷ್ಮೆಯ ಚಪ್ಪರ ಹಾಕಿಸಿದ ದುಂದುಗಾರಿಕೆಯನ್ನು ಕಂಡು, ಆ ಹಣವೂ ತಮಗೆ ಬರಬೇಕಾದುದೆಂದು ಸೈನಿಕರು ಗಲಭೆಯೆಬ್ಬಿಸಿದಾಗ, ಸೀಸರನು ಥಟ್ಟನೆ ಅವರ ನಡುವೆ ನುಗ್ಗಿ, ಒಬ್ಬನನ್ನು ತನ್ನ ಕೈಯಿಂದಲೇ ಹಿಡಿದು ಶಿಕ್ಷೆಗೆ ಒಪ್ಪಿಸಿದನೆಂದು ಡಿಯೋ ಬರೆಯುತ್ತಾನೆ. ಹಾಡಿಗೆ ಮುನಿಯದವನು ಹಣದ ಮಾತಿಗೆ ಮುನಿದನು. ಅಷ್ಟು ಹೊತ್ತಿಗೆ ಆ ಸೈನಿಕರು ಹೊಲಕ್ಕೆ ಮರಳುವ ಒಕ್ಕಲಿಗರಾಗಿ ಉಳಿದಿರಲಿಲ್ಲ. ಹೊಲವೇ ಇಲ್ಲದ, ಸೇನಾಪತಿಯ ಔದಾರ್ಯವೊಂದನ್ನೇ ನಂಬಿಕೊಂಡ ಜನರಾಗಿದ್ದರು. ಕ್ರಿ.ಪೂ. 88ರಲ್ಲಿಯೇ ಸುಲ್ಲಾ ಎಂಬ ಸೇನಾಪತಿಯು ತನ್ನ ದಂಡನ್ನು ಆಯುಧಸಹಿತವಾಗಿ ನಗರದೊಳಕ್ಕೆ ನುಗ್ಗಿಸಿದ್ದನು. ನೇಗಿಲಿನ ಗೆರೆಯನ್ನು ಕೇಳುವವರಿಲ್ಲದೆ ತುಳಿದಾದ ಮೇಲೆ ವಿಜಯದ್ವಾರದಲ್ಲಿ ಅನುಮತಿಗಾಗಿ ಕಾಯುವುದಕ್ಕೆ ಏನರ್ಥ?

ಸೆನೆಟ್ ಸೀಸರನಿಗೆ ಹೊರಿಸಿದ ಬಿರುದುಬಾವಲಿಗಳಲ್ಲೆಲ್ಲ ಅವನು ಅತ್ಯಂತ ಸಂತೋಷದಿಂದ ಸ್ವೀಕರಿಸಿದ್ದು ಲಾರೆಲ್ ಮಾಲೆಯನ್ನು ಸದಾ ಧರಿಸಬಹುದೆಂಬ ಹಕ್ಕನ್ನು. ಬೋಳುತಲೆಯನ್ನು ಮರೆಸಲು ಅದರಿಂದ ಅನುಕೂಲವಾಯಿತೆಂದು ಸ್ವೆಟೋನಿಯಸನು ಕಾರಣವನ್ನೂ ಕೊಡುತ್ತಾನೆ. ರಕ್ತದ ಕಳಂಕವನ್ನು ತೊಳೆಯಲೆಂದು ಸಾಮಾನ್ಯ ಸೈನಿಕನು ಒಂದು ಹಗಲು ಮುಡಿಯುತ್ತಿದ್ದ ಎಲೆ ಹೀಗೆ ಒಬ್ಬನ ನೆತ್ತಿಯ ಮೇಲೆ ನಿತ್ಯವಾಗಿ ನಿಂತಿತು. ಅವನ ವಾರಸುದಾರನಾದ ಆಗಸ್ಟಸನು ಕ್ರಿ.ಪೂ. 29ರ ಆಗಸ್ಟಿನಲ್ಲಿ ಒಂದರ ಮೇಲೊಂದು ಮೂರು ದಿನ ಮೂರು ಉತ್ಸವ ಮಾಡಿ, ಕೈಗೆ ಸಿಗದೆ ಸತ್ತ ಕ್ಲಿಯೋಪಾತ್ರಳ ಗೊಂಬೆಯನ್ನಾದರೂ ಬೀದಿಯಲ್ಲಿ ಮೆರೆಸಿ, ಅನಂತರ ತಾನೂ ರಥವನ್ನೇರಲಿಲ್ಲ, ಇತರರು ಏರುವುದನ್ನೂ ಮೆಲ್ಲನೆ ನಿಲ್ಲಿಸಿದನು. ನಿಷೇಧದ ಶಾಸನವೇನೂ ಹೊರಡಲಿಲ್ಲ. ಅವನ ಬಲಗೈಯಾಗಿದ್ದ ಅಗ್ರಿಪ್ಪನು ತನಗೆ ಸಂದ ಉತ್ಸವವನ್ನು ವಿನಯದಿಂದ ನಿರಾಕರಿಸಿದನು; ಅಗ್ರಿಪ್ಪನೇ ಬೇಡವೆಂದುದನ್ನು ಬೇಕೆನ್ನುವ ಧೈರ್ಯ ಇನ್ನಾರಿಗೆ? ಆಮೇಲೆ ಉತ್ಸವವು ಚಕ್ರವರ್ತಿಯ ಮನೆತನದ ಸೊತ್ತು. ಮಿಕ್ಕ ಸೇನಾಪತಿಗಳಿಗೆ ಪೋಷಾಕು, ಪ್ರತಿಮೆ.

ಸೈನಿಕನಿಗೋ? ಅವನು ರೈನ್ ನದಿಯ ತೀರದಲ್ಲಿಯೋ ಡ್ಯಾನ್ಯೂಬಿನ ತೀರದಲ್ಲಿಯೋ ಇಪ್ಪತ್ತು ವರ್ಷ ಪಹರೆ ಕಾದು ಮುದುಕನಾದ ಮೇಲೆ 12,000 ಸೆಸ್ಟರ್ಸ್ ಕೊಡುವುದೆಂದು ಗೊತ್ತಾಯಿತು. ಅದಕ್ಕಾಗಿ ಕ್ರಿ.ಶ. 6ರಲ್ಲಿ ಸೈನ್ಯದ ಖಜಾನೆಯೊಂದನ್ನು ತೆರೆದು, ಆಗಸ್ಟಸನು ತನ್ನ ಕೈಯಿಂದ 17 ಕೋಟಿ ಸೆಸ್ಟರ್ಸ್ ಹಾಕಿ, ಮುಂದಿನ ವೆಚ್ಚಕ್ಕೆಂದು ಪೌರರು ಪಡೆಯುವ ವಾರಸಿನ ಸೊತ್ತಿನ ಮೇಲೆ ನೂರಕ್ಕೆ ಐದರಂತೆ ತೆರಿಗೆಯನ್ನು ವಿಧಿಸಿದನು. ಪೌಲಸನ ಉತ್ಸವದ ಕಾಲದಲ್ಲಿ ತೆರಿಗೆಯಿಂದ ಬಿಡುಗಡೆ ಪಡೆದವರ ವಂಶಜರು ಈಗ ತಾವು ಕಾಣದ ಸೈನಿಕರಿಗಾಗಿ ತಮಗೆ ಬಂದ ವಾರಸಿನಲ್ಲಿ ಪಾಲು ಕೊಡಬೇಕಾಗಿ ಬಂದು ಬಹಳ ಗೊಣಗಿದರು. ವ್ಯವಸ್ಥೆಯ ದೃಷ್ಟಿಯಿಂದ ಇದು ಮೇಲಾದುದೇ. ಹಾಡು, ಧೂಳು, ಎಲೆ, ಅಳು ಇವಕ್ಕಿಂತ ಪಿಂಚಣಿ ಹೆಚ್ಚು ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಡಿಯಲ್ಲಿ ಕೊಲ್ಲುತ್ತಿದ್ದವನಿಗೂ ಊರಿನಲ್ಲಿ ಉಣ್ಣುತ್ತಿದ್ದವನಿಗೂ ಆಗೊಮ್ಮೆ ಈಗೊಮ್ಮೆಯಾದರೂ ಒಂದು ಬೀದಿಯಲ್ಲಿ ಮುಖಾಮುಖಿಯಾಗುವ ಸಂದರ್ಭ ಅಲ್ಲಿಗೆ ತಪ್ಪಿಹೋಯಿತು.

ಪೌಲಸನ ಉತ್ಸವದಲ್ಲಿ ಸೆರೆಯಾಳಾಗಿ ನಡೆದ ಪರ್ಸಿಯಸನು ಅದಾದ ಎರಡು ಮೂರು ವರ್ಷಗಳಲ್ಲಿಯೇ ಆಲ್ಬಾ ಎಂಬ ಊರಿನಲ್ಲಿ ಸತ್ತನು. ಬೀದಿಯಲ್ಲಿ ಕೈಚಾಚುತ್ತ ನಡೆದ ಮೂವರು ಮಕ್ಕಳಲ್ಲಿ ಬದುಕುಳಿದವನು ಅಲೆಕ್ಸಾಂಡರ್ ಒಬ್ಬನೇ; ಲೋಹದ ಮೇಲೆ ನವುರಾದ ಚಿತ್ತಾರ ಕೊರೆಯುವುದರಲ್ಲಿ ಕುಶಲನಾಗಿ, ಲ್ಯಾಟಿನ್ ಭಾಷೆಯನ್ನು ಕಲಿತು, ರೋಮನ್ ಅಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತನಾಗಿ ಜೀವಿಸಿದನು.

ಉತ್ಸವ ನಡೆಸಿದವರೆಲ್ಲರ ಹೆಸರುಗಳನ್ನೂ, ತಾರೀಖುಗಳ ಸಹಿತ, ಅಮೃತಶಿಲೆಯ ಫಲಕಗಳ ಮೇಲೆ ಕೊರೆಯಿಸಿ ಆಗಸ್ಟಸನ ಕಾಲದಲ್ಲಿ ಫೋರಂ ಎಂಬ ಸಾರ್ವಜನಿಕ ಚೌಕದಲ್ಲಿ ನಿಲ್ಲಿಸಿದರು. ಅವುಗಳಲ್ಲಿ ಉಳಿದ ಚೂರುಗಳು ಈಗ ಕ್ಯಾಪಿಟಲ್ ಬೆಟ್ಟದ ವಸ್ತುಸಂಗ್ರಹಾಲಯದಲ್ಲಿವೆ. ಮೊದಲನೆಯ ಹೆಸರು ರೋಮುಲಸನದು. ಅವನು ರಥವನ್ನೇರದೆ ಕಾಲ್ನಡೆಯಲ್ಲಿಯೇ ಊರನ್ನು ಹೊಕ್ಕನೆಂದು ಪ್ಲುಟಾರ್ಕನ ವಾದ. ಕಡೆಯ ಹೆಸರು ಕಾರ್ನೀಲಿಯಸ್ ಬಾಲ್ಬಸನದು: ಸ್ಪೇನಿನ ಗಾಡೆಸ್ ಪಟ್ಟಣದಲ್ಲಿ ಹುಟ್ಟಿದ ಪರಸ್ಥಳದವನು, ಸಹಾರಾ ಮರುಭೂಮಿಯ ಗರಮಂತರನ್ನು ಗೆದ್ದು ಬಂದವನು, ಉತ್ಸವದ ದಿನ ಕ್ರಿ.ಪೂ. 19ರ ಮಾರ್ಚ್ 27. ಆ ಹೆಸರು ಕೊನೆಯ ಫಲಕದ ತಳದ ಅಂಚಿನಲ್ಲಿದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಸ್ಥಳವಿಲ್ಲ.